ಮುಗ್ಗಟ್ಟಿನ ಕಾಲದ ಕಾಯಂ ಕೆಲಸ

ದೇಶದ ವ್ಯಾಪಾರ ಮುಗ್ಗರಿಸಿತೆಂಬ ವಾರ್ತೆ ಪತ್ರಿಕೆಗಳ ಮುಖಪುಟಕ್ಕೆ ಬರುವುದಕ್ಕೆ ಮುಂಚೆಯೇ ಅದು ಹೆಣ್ಣು ಹೆತ್ತವರ ಜಗಲಿಗೆ ಬಂದು ಕುಳಿತಿರುತ್ತದೆ. ಸಮೃದ್ಧಿಯ ವರ್ಷಗಳಲ್ಲಿ ವರನ ಸಂಬಳವೆಷ್ಟೆಂದು ವಿಚಾರಿಸುತ್ತಿದ್ದವರು, ಅಭಾವದ ವರ್ಷಗಳಲ್ಲಿ ಆ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿ, 'ಕೆಲಸ ಪರ್ಮನೆಂಟೋ?' ಎಂದು ಮೊದಲು ಕೇಳುತ್ತಾರೆ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಎಂಬ ಹಳೆಯ ಸಾಹುಕಾರಿ ಸಂಸ್ಥೆ ದಿವಾಳಿಯೆದ್ದ ಕೆಲವೇ ತಿಂಗಳುಗಳಲ್ಲಿ, ಅಲ್ಲಿಯವರೆಗೆ ಸಾಫ್ಟ್‌ವೇರ್ ಎಂದೊಡನೆ ಜಾತಕ ಬಿಚ್ಚುತ್ತಿದ್ದ ಬೆಂಗಳೂರಿನ ಮನೆಗಳಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತನೂ ಪ್ರೌಢಶಾಲೆಯ ಮೇಷ್ಟರೂ ಹಠಾತ್ತನೆ ಯೋಗ್ಯ ವರರಾಗಿ ಕಾಣತೊಡಗಿದುದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ. ನಗುವಂಥದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಹೆಣ್ಣಿನ ತಂದೆ ತನಗೆ ತಿಳಿದ ಒಂದೇ ಅರ್ಥಶಾಸ್ತ್ರವನ್ನು ಪ್ರಯೋಗಿಸುತ್ತಿದ್ದ, ಅಷ್ಟೆ.

ಆ ವರ್ಷ ಕಾಲೇಜಿನಲ್ಲಿಯೇ ನೇಮಕದ ಪತ್ರವನ್ನು ಪಡೆದಿದ್ದ ಅನೇಕ ಎಂಜಿನಿಯರಿಂಗ್ ಪದವೀಧರರ ಪಾಲಿಗೆ ಕೆಲಸಕ್ಕೆ ಸೇರುವ ದಿನವನ್ನು ಮೇಲಿಂದ ಮೇಲೆ ಮುಂದೂಡುತ್ತ ಹೋದ ಕಂಪೆನಿಗಳು, ಅವರನ್ನು ಸ್ವರ್ಗಕ್ಕೂ ಸಲ್ಲದ ಭೂಮಿಗೂ ಸಲ್ಲದ ತ್ರಿಶಂಕುಗಳನ್ನಾಗಿ ಮಾಡಿದುವು. ಉಪದೇಶಕ್ಕೆ ಮಾತ್ರ ಅವರಿಗೆ ಕೊರತೆಯಾಗಲಿಲ್ಲ. ಹೊಸ ವಿದ್ಯೆ ಕಲಿಯಿರಿ, ನಾಲ್ಕು ಜನರ ಪರಿಚಯ ಮಾಡಿಕೊಳ್ಳಿರಿ, ಆರು ತಿಂಗಳ ಖರ್ಚಿಗಾಗುವಷ್ಟು ಹಣ ಕೂಡಿಡಿರಿ, ಸಿಕ್ಕಿದ ಕೆಲಸವನ್ನು ಸಣ್ಣದೆಂದು ತಿರಸ್ಕರಿಸಬೇಡಿರಿ ಎಂಬಿವೆಲ್ಲ ಒಳ್ಳೆಯ ಮಾತುಗಳೇ. ಮನೆಯ ಹಿರಿಯರು ಇವನ್ನೇ ಇನ್ನೂ ಕಡಮೆ ಮಾತಿನಲ್ಲಿ ಹೇಳುತ್ತಿದ್ದರು. ಆದರೆ ಈ ಉಪದೇಶಗಳೆಲ್ಲದರ ತಳದಲ್ಲಿ, ಭದ್ರವಾದ ಕೆಲಸವೆಂಬುದು ಎಲ್ಲಿಯೋ ಮೊದಲೇ ಸಿದ್ಧವಾಗಿ ಕುಳಿತಿದೆ, ಚತುರನಾದವನು ಅದನ್ನು ಹುಡುಕಿ ಹಿಡಿಯತಕ್ಕದ್ದು ಎಂಬ ಗ್ರಹಿಕೆಯೊಂದು ಅಡಗಿದೆ. ನಮ್ಮ ನಾಡಿನ ಚರಿತ್ರೆಯನ್ನು, ಅದರಲ್ಲಿಯೂ 1930ರ ದಶಕದ ಮಹಾ ಮುಗ್ಗಟ್ಟಿನಲ್ಲಿ ಮೈಸೂರು ಸಂಸ್ಥಾನವೂ ಕರಾವಳಿಯೂ ಬದುಕಿಕೊಂಡ ಬಗೆಯನ್ನು ನೋಡಿದರೆ, ಸಂಗತಿ ಹಾಗಿರಲಿಲ್ಲವೆಂದು ತೋರುತ್ತದೆ. ಅಂದು ಜನಕ್ಕೆ ಒದಗಿದ ಆಸರೆಗಳನ್ನು ಯಾರೋ ಆ ಕೆಟ್ಟ ಕಾಲದಲ್ಲಿಯೇ ನಿಂತು ಕಟ್ಟಿದರು. ಹುಡುಕಿಕೊಂಡು ಬಂದವರು ಆಮೇಲೆ ಬಂದರು.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿದ್ದಿತೆಂಬುದು ಹಳ್ಳಿಯ ರೈತನಿಗೆ ತಿಳಿಯಬೇಕಾದ ಕಾರಣವೇ ಇರಲಿಲ್ಲ. ಆದರೆ ಮುಂದಿನ ಎರಡು ಮೂರು ವರ್ಷಗಳಲ್ಲಿ ಅವನ ಭತ್ತ, ರಾಗಿ, ಬೆಲ್ಲ, ಹತ್ತಿಗಳ ಬೆಲೆಗಳು ಹೆಚ್ಚು ಕಡಮೆ ಅರ್ಧಕ್ಕೆ ಇಳಿದುವೆಂಬುದು ಅವನಿಗೆ ಚೆನ್ನಾಗಿ ತಿಳಿಯಿತು. ಬೆಲೆ ಇಳಿದರೆ ಕೊಳ್ಳುವವನಿಗೆ ಸುಖವೆಂಬ ಪೇಟೆಯವರ ಮಾತು ಹಳ್ಳಿಗೆ ಅನ್ವಯಿಸುವುದಿಲ್ಲ. ಏಕೆಂದರೆ ಕಂದಾಯವೂ ಸಾಲದ ಬಡ್ಡಿಯೂ ರೂಪಾಯಿಯಲ್ಲಿ ನಿಗದಿಯಾಗಿದ್ದುದರಿಂದ, ಮೊದಲು ಒಂದು ಪಲ್ಲ ಧಾನ್ಯ ಮಾರಿ ತೀರಿಸುತ್ತಿದ್ದ ಋಣಕ್ಕೆ ಈಗ ಎರಡು ಪಲ್ಲ ಮಾರಬೇಕಾಯಿತು. ಬ್ರಿಟಿಷ್ ಇಂಡಿಯಾದ ಸರ್ಕಾರವು ತನ್ನ ನೌಕರರ ಸಂಬಳದಲ್ಲಿ ನೂರಕ್ಕೆ ಹತ್ತರಷ್ಟು ಕಡಿತ ಮಾಡಿತು. ರೈಲ್ವೆಗಳು ಸಾವಿರಾರು ಕೆಲಸಗಾರರನ್ನು ಮನೆಗೆ ಕಳುಹಿಸಿದುವು. ಓದಿದವರ ನಿರುದ್ಯೋಗವೆಂಬ ಹೊಸ ವ್ಯಾಧಿಯನ್ನು ಪರೀಕ್ಷಿಸಲು ಸಂಯುಕ್ತ ಪ್ರಾಂತದಲ್ಲಿ ಸರ್ ತೇಜ್ ಬಹದ್ದೂರ್ ಸಪ್ರೂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕುಳಿತು 1935ರಲ್ಲಿ ವರದಿ ಒಪ್ಪಿಸಿತು. ಪದವಿಯಿದ್ದರೆ ಗುಮಾಸ್ತೆಗಿರಿಗಾದರೂ ಮೋಸವಿಲ್ಲವೆಂಬ ಮೂರು ತಲೆಮಾರಿನ ವಿಶ್ವಾಸ ಮೊದಲ ಬಾರಿಗೆ ಅಲುಗಾಡಿದುದು ಆಗ.

ಇಂಥ ಸಮಯದಲ್ಲಿ ಮೈಸೂರು ಸಂಸ್ಥಾನದ ಮುಂದೆ ವಿಚಿತ್ರವಾದ ಇಕ್ಕಟ್ಟೊಂದಿದ್ದಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಇಪ್ಪತ್ತು ವರ್ಷಗಳ ಶ್ರಮದ ಬಳಿಕ ಪೂರ್ಣವಾಗಿ, ಅದರ ನೀರನ್ನು ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದ ಸುರಂಗದ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿಸುವ ಇರ್ವಿನ್ ನಾಲೆ, ಇಂದು ನಾವು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವುದು, ಸಿದ್ಧವಾಗಿದ್ದಿತು. ಲಕ್ಷ ಎಕರೆಗೂ ಮೀರಿದ ರಾಗಿ ಜೋಳದ ಹೊಲಗಳಿಗೆ ನೀರು ಬರುವ ಮುಹೂರ್ತ ಅದು. ಆದರೆ ನೀರು ಬರುವ ಹೊತ್ತಿಗೆ ಬೆಲೆ ಹೊರಟುಹೋಗಿದ್ದಿತು. ಕಬ್ಬು ಬೆಳೆದವನು ಅದನ್ನು ಆಲೆಮನೆಯಲ್ಲಿ ಬೆಲ್ಲ ಮಾಡಿ ಸಂತೆಗೆ ಕೊಂಡೊಯ್ದರೆ, ಕೊಪ್ಪರಿಗೆಯ ಕೆಳಗೆ ಉರಿಸಿದ ತರಗಿನ ಲೆಕ್ಕ ಬಿಟ್ಟರೂ ಕೂಲಿಯ ಹಣ ಹುಟ್ಟದಂಥ ದಿನಗಳು; ನೀರಿನ ಕರ ಕೊಡಬೇಕಾದ ರೈತನು ಈ ನೀರೇ ನನಗೆ ಬೇಡವೆಂದರೆ, ಕೋಟಿಗಟ್ಟಲೆ ರೂಪಾಯಿ ಸುರಿದು ಕಟ್ಟಿದ ಕಟ್ಟೆಯ ಗತಿಯೇನು?

ಸಾಮಾನ್ಯ ಲೆಕ್ಕಪತ್ರದ ಬುದ್ಧಿಯುಳ್ಳ ಸರ್ಕಾರವಾದರೆ ಖರ್ಚನ್ನು ತಗ್ಗಿಸಿ, ಕಾಲ ಸುಧಾರಿಸುವವರೆಗೆ ಕೈಕಟ್ಟಿ ಕುಳಿತಿರುತ್ತಿತ್ತು. ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಹಾಗೆ ಯೋಚಿಸಲಿಲ್ಲ. 1908ರಲ್ಲಿ ಕೆನಡಾದಿಂದ ಕೀಟಗಳ ಮತ್ತು ಸಸ್ಯರೋಗಗಳ ತಜ್ಞನಾಗಿ ಬಂದು, ಅಡಿಕೆಯ ಕೊಳೆರೋಗದಿಂದ ಮೊದಲ್ಗೊಂಡು ಕಾಫಿಯ ಸಂಶೋಧನೆಯವರೆಗೆ ಈ ನಾಡಿನ ಬೇಸಾಯವನ್ನೇ ತನ್ನ ಆಯುಷ್ಯದ ಕೆಲಸವಾಗಿ ಮಾಡಿಕೊಂಡಿದ್ದ ಆತ, ಕಬ್ಬನ್ನು ಬೆಲ್ಲಕ್ಕಲ್ಲ, ಸಕ್ಕರೆಗೆ ಅರೆಯತಕ್ಕದ್ದು ಎಂದು ಪಟ್ಟುಹಿಡಿದರು. ಅದೇ ಸುಮಾರಿಗೆ ಭಾರತ ಸರ್ಕಾರವು ಜಾವಾದ ಸಕ್ಕರೆಯ ಮೇಲೆ ಭಾರಿ ಸುಂಕ ಹೇರಿ ದೇಶೀಯ ಕಾರ್ಖಾನೆಗಳಿಗೆ ರಕ್ಷಣೆಯಿತ್ತಿತ್ತು; ಇಡೀ ದೇಶದಲ್ಲಿ ಮೂವತ್ತರಷ್ಟಿದ್ದ ಸಕ್ಕರೆ ಕಾರ್ಖಾನೆಗಳು ಐದಾರು ವರ್ಷಗಳಲ್ಲಿ ನೂರನ್ನು ಮೀರಿ ಬೆಳೆದುವು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತವು ಸಂಸ್ಥಾನದ ಹಣವನ್ನೇ ಮುಖ್ಯ ಬಂಡವಾಳವಾಗಿಟ್ಟು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯನ್ನು ಸ್ಥಾಪಿಸಿತು. ಮುಗ್ಗಟ್ಟಿನ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಕಾರ್ಖಾನೆ ಕಟ್ಟುವುದೆಂದರೆ ಅಂದಿನ ವಿವೇಕಿಗಳಿಗೆ ಸಾಹಸವಾಗಿಯೇ ಕಂಡಿರಬೇಕು.

ಈ ಸಕ್ಕರೆ ಕಾರ್ಖಾನೆ ಎಷ್ಟು ಮಂದಿಗೆ ಸಂಬಳ ಕೊಟ್ಟಿತೆಂಬುದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಕಾರ್ಖಾನೆಯೊಡನೆ ಒಪ್ಪಿಗೆ ಮಾಡಿಕೊಂಡ ರೈತನಿಗೆ ಬಿತ್ತುವ ಮೊದಲೇ ಮುಂಗಡ ಸಿಗುತ್ತಿತ್ತು, ಗೊಬ್ಬರ ಸಾಲದ ಮೇಲೆ ಬರುತ್ತಿತ್ತು, ಬೆಳೆದ ಕಬ್ಬನ್ನು ಕೊಳ್ಳುವವನಾರೆಂಬ ಚಿಂತೆ ಇರಲಿಲ್ಲ. ಕಟಾವಿನ ತಿಂಗಳುಗಳಲ್ಲಿ ಕಡಿಯುವವನಿಗೂ ಗಾಡಿ ಹೊಡೆಯುವವನಿಗೂ ಕೂಲಿಯಿದ್ದಿತು. ಗಾಡಿ ಮಾಡುವ ಬಡಗಿಗೂ ಎತ್ತಿಗೆ ಲಾಳ ಕಟ್ಟುವವನಿಗೂ ಬಿಡುವಿರಲಿಲ್ಲ. ನಾಲೆಯ ನೀರನ್ನು ಸರದಿಯ ಮೇಲೆ ಹಂಚಿ, ಒಂದು ಭಾಗಕ್ಕೆ ಕಬ್ಬು, ಒಂದು ಭಾಗಕ್ಕೆ ಭತ್ತ, ಇನ್ನೊಂದಕ್ಕೆ ಅರೆನೀರಾವರಿಯ ಬೆಳೆ ಎಂದು ಗೊತ್ತುಪಡಿಸಿದ ಬ್ಲಾಕ್ ಪದ್ಧತಿಯೂ ಇದರೊಡನೆ ಕೂಡಿತು. ಮೈಸೂರು ಜಿಲ್ಲೆಯ ಒಣ ತಾಲ್ಲೂಕೊಂದರ ಕೇಂದ್ರವಾಗಿದ್ದ ಮಂಡ್ಯ 1939ರಲ್ಲಿ ತಾನೇ ಒಂದು ಜಿಲ್ಲೆಯ ಮುಖ್ಯಪಟ್ಟಣವಾಯಿತೆಂದರೆ ಈ ಹತ್ತು ವರ್ಷಗಳ ಮಹಿಮೆ ಅರ್ಥವಾದೀತು. ಅಲ್ಲಿ ಯಾರೊಬ್ಬನೂ 'ಭದ್ರವಾದ ಉದ್ಯೋಗ'ಕ್ಕೆ ಅರ್ಜಿ ಬರೆದಿರಲಿಲ್ಲ. ಬೆಲೆಯೊಂದು ಗೊತ್ತಾದುದರಿಂದ ಅವರು ಮಾಡುತ್ತಿದ್ದ ಕೆಲಸವೇ ಭದ್ರವಾಯಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನನಗೆ ಹೆಚ್ಚು ಪ್ರಿಯವಾದುದು ಅದು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಆಸುಪಾಸಿಗೆ ಬಂದು ನೆಲಸಿ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ವಾಂಗಲ, ದಲೇನ ಎಂದು ಅವರು ಇಟ್ಟ ಹೆಸರುಗಳು ಕಲ್ಪಿತ, ಊರುಗಳು ನಿಜ. ವಾಂಗಲದ ನೆಲಕ್ಕೆ ನಾಲೆಯ ನೀರು ಹರಿಯಿತು. ದಲೇನ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅದರ ಹೊಲಗಳು ಒಣಗಿಯೇ ಉಳಿದುವು. ನೀರು ಪಡೆದವರು ಏಳಿಗೆ ಹೊಂದಿದರು, ಪಡೆಯದವರು ಹಾಳಾದರು ಎಂದು ಮುಗಿಸಬಹುದಾದ ಕಥೆ ಇದಾಗಲಿಲ್ಲ. ವಾಂಗಲದವರು ಹಣ ಕಂಡರೂ ಬೇಸಾಯವನ್ನು ಬಿಟ್ಟು ಕದಲಲಿಲ್ಲ. ಒಡೆಯನಿಗೂ ವಂಶಪಾರಂಪರ್ಯದ ಆಳಿಗೂ ನಡುವಣ ಹಳೆಯ ಕಟ್ಟುಪಾಡು ಅಲ್ಲಿ ಇನ್ನಷ್ಟು ಗಟ್ಟಿಯಾಗಿ ಉಳಿಯಿತು. ಒಣನೆಲದ ದಲೇನದವರಾದರೋ ಹೊರಗೆ ನೋಡಲೇಬೇಕಾಯಿತು. ಒಬ್ಬ ಕಾರ್ಖಾನೆಗೆ ಸೇರಿದ, ಒಬ್ಬ ಕಚೇರಿಗೆ ಸೇರಿದ, ಒಬ್ಬ ವ್ಯಾಪಾರ ಹಿಡಿದ, ಉಳ್ಳವರು ನೆರೆಯ ಹಳ್ಳಿಗಳಲ್ಲಿ ಗದ್ದೆ ಕೊಂಡರು. ಸುತ್ತಲಿನ ನೀರಾವರಿ ಹಳ್ಳಿಗಳಿಗೆ ಬೇಕಾದುದನ್ನು ಒದಗಿಸುವುದೇ ಊರಿನ ವೃತ್ತಿಯಾಗಿ, ಹಳೆಯ ಆಳು-ಒಡೆಯರ ಬಂಧ ಅಲ್ಲಿ ಸಡಿಲಿತು. ತಾನು ಮುಟ್ಟದ ನೀರಿನಿಂದಲೂ ಒಂದು ಊರು ಬದುಕಿತು. ಆದರೆ ಗಮನಿಸಬೇಕಾದುದೇನೆಂದರೆ, ದಲೇನದ ಚಾತುರ್ಯ ಫಲಿಸಿದುದು ಪಕ್ಕದಲ್ಲಿ ವಾಂಗಲವೂ ಮಂಡ್ಯದ ಕಾರ್ಖಾನೆಯೂ ಇದ್ದುದರಿಂದ; ಸುತ್ತ ನೂರು ಮೈಲಿ ಒಣಭೂಮಿಯೇ ಇದ್ದಿದ್ದರೆ ದಲೇನದವರು ಕೆಲಸಕ್ಕೆಂದು ಎಲ್ಲಿಗೆ ಹೋಗುತ್ತಿದ್ದರು?

ಮುಗ್ಗಟ್ಟು ಎಲ್ಲರನ್ನೂ ಒಂದೇ ತೆರನಾಗಿ ಹೊಡೆಯುವುದಿಲ್ಲವೆಂಬುದಕ್ಕೆ ಕೋಲಾರದ ಚಿನ್ನದ ಗಣಿಗಳೇ ಸಾಕ್ಷಿ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದಾಗ, ಪೌಂಡಿಗೆ ಕಟ್ಟಿಹಾಕಿದ್ದ ನಮ್ಮ ರೂಪಾಯಿಯೂ ಅದರ ಹಿಂದೆಯೇ ಹೋಯಿತು. ತೊಲವೊಂದಕ್ಕೆ ಇಪ್ಪತ್ತೊಂದು ರೂಪಾಯಿ ಚಿಲ್ಲರೆಯಿದ್ದ ಚಿನ್ನ ಕೆಲವು ವರ್ಷಗಳಲ್ಲಿ ಮೂವತ್ತನ್ನು ದಾಟಿತು. ದೇಶದ ಉದ್ದಗಲಕ್ಕೂ ರೈತನು ಕಂದಾಯ ಕಟ್ಟಲು ಹೆಂಡತಿಯ ಕೊರಳಿನದನ್ನು ಮಾರುತ್ತಿದ್ದ ಅದೇ ದಿನಗಳಲ್ಲಿ, ಆ ಲೋಹವನ್ನು ನೆಲದಾಳದಿಂದ ತೆಗೆಯುವ ಕೆಜಿಎಫ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ತಪ್ಪಲಿಲ್ಲ. ಉತ್ತರ ಆರ್ಕಾಟಿನಿಂದಲೂ ತೆಲುಗು ಸೀಮೆಯಿಂದಲೂ ಬಂದ ಬಡವರು ಜೀವವನ್ನು ಒತ್ತೆಯಿಟ್ಟು ಪಡೆದ ಭದ್ರತೆ ಅದು. ಬಂಡೆ ಸಿಡಿದು ಸಾಯುವುದು, ಕಲ್ಲುದೂಳಿನಿಂದ ಶ್ವಾಸಕೋಶ ಹಾಳಾಗುವುದು ಆ ಸಂಬಳದ ಭಾಗವೇ ಆಗಿದ್ದುವು. ಪ್ರತಿಯೊಬ್ಬ ಕೂಲಿಯೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪೆನಿ ವಿಧಿಸಿದಾಗ, ದೇಶದ ಬೇರೆಡೆ ಕೆಲಸವೇ ಇಲ್ಲದ 1930ರಲ್ಲಿ, ಅವರು ಗಣಿಗಿಳಿಯಲು ನಿರಾಕರಿಸಿ ಮುಷ್ಕರ ಹೂಡಿದರು. ಭದ್ರತೆಯ ಆಸೆಗಾಗಿ ಮನುಷ್ಯ ಎಲ್ಲವನ್ನೂ ನುಂಗುತ್ತಾನೆಂದು ಹೇಳುವವರು ಈ ಸಂಗತಿಯನ್ನು ನೆನೆಯುವುದೊಳಿತು.

ಆ ಗಣಿಗಳು 1956ರಲ್ಲಿ ಸರ್ಕಾರದ ವಶಕ್ಕೆ ಬಂದು, 2001ರ ಫೆಬ್ರವರಿಯ ಕೊನೆಯ ದಿನ ಮುಚ್ಚಿಹೋದುವು. ಅದುರು ಬಡವಾಗಿತ್ತು, ಆಳ ಮೂರು ಕಿಲೋಮೀಟರನ್ನು ಮೀರಿತ್ತು, ಖರ್ಚು ಆದಾಯವನ್ನು ನುಂಗಿತ್ತು. ಅಜ್ಜ, ತಂದೆ, ಮಗ ಎಂದು ಮೂರು ತಲೆಮಾರು ಒಂದೇ ಶಾಫ್ಟಿಗಿಳಿದಿದ್ದ ಮನೆಗಳ ನಾಲ್ಕನೆಯ ತಲೆಮಾರು ಇಂದು ಬೆಳಕು ಹರಿಯುವ ಮುನ್ನ ಮಾರಿಕುಪ್ಪದಿಂದ ಹೊರಡುವ ರೈಲು ಹತ್ತಿ ಬೆಂಗಳೂರಿನ ಅಂಗಡಿ, ಕಾರ್ಖಾನೆ, ಕಾವಲು ಕೆಲಸಗಳಿಗೆ ಬಂದು, ಕತ್ತಲಾದ ಮೇಲೆ ಮನೆ ಸೇರುತ್ತದೆ.

ಕರಾವಳಿಯವರ ದಾರಿ ಬೇರೆ. ಅಲ್ಲಿ ಆಳುವ ಮಹಾರಾಜನಿರಲಿಲ್ಲ, ಮದರಾಸಿನ ಸರ್ಕಾರಕ್ಕೆ ಆ ಜಿಲ್ಲೆ ಒಂದು ಮೂಲೆ. ಆದುದರಿಂದ ಅವರು ತಮ್ಮ ಆಸರೆಯನ್ನು ತಾವೇ, ಅದೂ ಚಿಲ್ಲರೆ ಕಾಸಿನಿಂದ, ಕಟ್ಟಿಕೊಳ್ಳಬೇಕಾಯಿತು. ಕೈಮಗ್ಗದವರ ಕಷ್ಟ ಕಂಡು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಿಂದ ಏಜೆಂಟರನ್ನು ಮನೆಮನೆಗೆ ಕಳುಹಿಸಿ ದಿನಕ್ಕೆ ಎರಡಾಣೆಯಿಂದ ಮೊದಲ್ಗೊಂಡು ಪಿಗ್ಮಿ ಠೇವಣಿ ಸಂಗ್ರಹಿಸಿತು. ಮುಗ್ಗಟ್ಟು ನೆತ್ತಿಗೇರಿದ್ದ 1931ರ ಅಕ್ಟೋಬರಿನಲ್ಲಿ, ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ತೆರೆಯಿತು. ಸಾಹುಕಾರನ ಬಡ್ಡಿಗೆ ಸಿಕ್ಕಿ ಜಮೀನು ಕಳೆದುಕೊಳ್ಳುತ್ತಿದ್ದ ಬೇಸಾಯಗಾರರನ್ನು ಉಳಿಸುವುದು ಅದರ ಮೊದಲ ಉದ್ದೇಶವಾಗಿದ್ದಿತು. ಠೇವಣಿದಾರರು ಬ್ಯಾಂಕುಗಳ ಮುಂದೆ ಸಾಲುಗಟ್ಟಿ ಹಣ ಕೇಳುತ್ತಿದ್ದ ಆ ದಶಕದಲ್ಲಿ, 1938ರಲ್ಲಿ ದಕ್ಷಿಣ ಭಾರತದ ದೊಡ್ಡ ಬ್ಯಾಂಕುಗಳಲ್ಲೊಂದಾದ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕೇ ಕುಸಿದುಬಿದ್ದಿತೆಂಬುದನ್ನು ನೆನೆದರೆ, ಈ ಪುಟ್ಟ ಬ್ಯಾಂಕುಗಳು ಉಳಿದುಕೊಂಡುದೇ ಒಂದು ವಿಶೇಷ.

ಸಾಲಕ್ಕೆಂದು ಕಟ್ಟಿದ ಮನೆಗಳು ಕಾಲಕ್ರಮದಲ್ಲಿ ಕೆಲಸದ ಮನೆಗಳೂ ಆದುವು. ಮೂಲ್ಕಿ ಸುಂದರರಾಮ ಶೆಟ್ಟರು ವಿಜಯಾ ಬ್ಯಾಂಕಿನ ಆಡಳಿತದಲ್ಲಿದ್ದ ಕಾಲದಲ್ಲಿ ಊರಿಂದೂರಿಗೆ ಶಾಖೆ ತೆರೆದು ಕರಾವಳಿಯ ತರುಣರಿಗೆ ಕೆಲಸ ಕೊಟ್ಟುದನ್ನು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಬಂಧುತ್ವವೂ ಊರಿನ ಅಭಿಮಾನವೂ ಆ ನೇಮಕಗಳಲ್ಲಿ ಕೆಲಸ ಮಾಡಿದುವೆಂದು ಆಕ್ಷೇಪಿಸುವವರೂ ಇದ್ದಾರೆ. ಆ ಆಕ್ಷೇಪ ಪೂರ್ತಿ ಸುಳ್ಳೆಂದು ನನಗೆ ತೋರುವುದಿಲ್ಲ. ಆದರೂ ಮೆಟ್ರಿಕ್ ಮುಗಿಸಿದ ಗೇಣಿದಾರನ ಮಗನೊಬ್ಬ ಷರಟು ತೊಟ್ಟು ಕೌಂಟರಿನ ಹಿಂದೆ ಕುಳಿತಾಗ ಒಂದು ಮನೆಯಲ್ಲಿ ಆದ ಬದಲಾವಣೆಯನ್ನು ಯಾವ ಆಕ್ಷೇಪವೂ ಅಳಿಸಲಾರದು. 1969ರಲ್ಲಿಯೂ 1980ರಲ್ಲಿಯೂ ಈ ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಬ್ಯಾಂಕಿನ ಕೆಲಸವೆಂಬುದು ಸರ್ಕಾರಿ ಕೆಲಸದ ಸರಿಸಮಕ್ಕೆ ಏರಿತು. ಈಗ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಹೆಸರುಗಳ ಫಲಕಗಳೇ ಇಲ್ಲ. 2019ರಲ್ಲಿಯೂ 2020ರಲ್ಲಿಯೂ ಅವು ಬೇರೆ ಬ್ಯಾಂಕುಗಳಲ್ಲಿ ಲೀನವಾದುವು.

ಬ್ಯಾಂಕಿಗೂ ಸೇರಲಾರದವರು ಏನು ಮಾಡಿದರು? ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದರು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯ ಮೂರನೆಯ ತಲೆಮಾರಿನ ರಾಮ, ಪದವಿ ಪಡೆದೂ ಪಟ್ಟಣದಲ್ಲಿ ನೆಲೆ ಕಾಣದೆ ಕೊನೆಗೆ ಊರಿನ ಮಣ್ಣಿಗೆ ಹಿಂದಿರುಗುತ್ತಾನೆ. ಆದರೆ ಹಿಂದಿರುಗಲು ಮಣ್ಣೇ ಇಲ್ಲದವರ ಸಂಖ್ಯೆ ದೊಡ್ಡದಿತ್ತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ಗುಮಾಸ್ತರೂ ವಕೀಲರೂ ಸ್ವಂತ ಹೋಟೆಲಿನ ಯಜಮಾನರೂ ಆದ ಹುಡುಗರ ಕಥೆಗಳನ್ನು ಮುಂಬಯಿ ಕನ್ನಡಿಗರು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ. ಆ ಹುಡುಗರ ಛಲ ದೊಡ್ಡದು. ಆದರೆ ರಾತ್ರಿಶಾಲೆಯನ್ನು ನಡೆಸಿದ ಸಂಘಗಳವರು, ಬಾಡಿಗೆಗೆ ಚಂದಾ ಎತ್ತಿದವರು, ದುಡಿದು ದಣಿದ ಮಕ್ಕಳಿಗೆ ಪಾಠ ಹೇಳಿದ ಮೇಷ್ಟರುಗಳು ಈ ಕಥೆಗಳಲ್ಲಿ ಬಹುಶಃ ಒಂದು ವಾಕ್ಯಕ್ಕೆ ಮಾತ್ರ ಬರುತ್ತಾರೆ. ಗೆದ್ದವನ ಚರಿತ್ರೆ ಬರೆಯುವುದು ಸುಲಭ, ಅವನು ಹತ್ತಿದ ಏಣಿಯನ್ನು ಹಿಡಿದುಕೊಂಡಿದ್ದವರ ಚರಿತ್ರೆಗೆ ಬರೆಹಗಾರ ಸಿಕ್ಕುವುದಿಲ್ಲ.

ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ವೃತ್ತಾಂತ ಎಲ್ಲರೂ ಬಲ್ಲದ್ದು, ಹೆಚ್ಚು ಹೇಳಬೇಕಾಗಿಲ್ಲ. 1940ರ ಕೊನೆಯಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂದು ಸಾಲಾಗಿ ಎದ್ದ ಈ ಸಂಸ್ಥೆಗಳು ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಕ್ಯಾಂಟೀನು, ಕನ್ನಡ ಸಂಘ, ನಾಟಕದ ತಂಡ ಎಲ್ಲವನ್ನೂ ಒಂದೇ ಕಾಂಪೌಂಡಿನೊಳಗೆ ತಂದುವು. ಬೆಳಗಿನ ಸೈರನ್ನಿಗೆ ಊರು ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು. 1980ರ ಡಿಸೆಂಬರಿನಿಂದ ಎಪ್ಪತ್ತೇಳು ದಿನ ನಡೆದ ಮಹಾ ಮುಷ್ಕರದಲ್ಲಿ ಲಕ್ಷಕ್ಕೂ ಮೀರಿದ ಕಾರ್ಮಿಕರು ಸಂಬಳವಿಲ್ಲದೆ ತಾಳಿದರೆಂದರೆ, ನೌಕರಿ ಹೋಗದೆಂಬ ಧೈರ್ಯವೇ ಅದಕ್ಕೆ ಮೂಲವಾಗಿತ್ತೆಂದು ನನ್ನ ಊಹೆ. ಆ ಧೈರ್ಯವನ್ನು ಮುಂದಿನ ಮೂವತ್ತು ವರ್ಷಗಳು ಒಂದೊಂದಾಗಿ ತೆಗೆದುಕೊಂಡುವು. 1961ರಿಂದ ದೇಶಕ್ಕೆಲ್ಲ ಹೊತ್ತು ಹೇಳಿದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಗಳನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆಯಿತ್ತಿತು.

ಹೀಗೆ ಒಂದೊಂದು ಬಾಗಿಲೂ ಕಿರಿದಾದಂತೆ, ಉಳಿದ ಒಂದೇ ಹೆಬ್ಬಾಗಿಲಾದ ಸರ್ಕಾರಿ ಹುದ್ದೆಯ ಮುಂದೆ ಜನ ಕಿಕ್ಕಿರಿದಿದ್ದಾರೆ. ಅದನ್ನು ಕಣ್ಣಾರೆ ನೋಡಬೇಕಾದರೆ ಧಾರವಾಡದ ಸಪ್ತಾಪುರಕ್ಕೆ ಹೋಗಬೇಕು. ಬೀದಿಯುದ್ದಕ್ಕೂ ಕೋಚಿಂಗ್ ಕೇಂದ್ರಗಳು, ತಾಸಿನ ಲೆಕ್ಕದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ಲೈಬ್ರರಿಗಳು, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಅಂಗಡಿಗಳು, ಖಾನಾವಳಿಗಳು. ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆಗಳ ಒಕ್ಕಲುಮನೆಗಳಿಂದ ಬಂದ ತರುಣ ತರುಣಿಯರು ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಮಂದಿ ಸೇರಿಕೊಂಡು, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ ಎಂಬ ಅಕ್ಷರಗಳನ್ನು ಜಪಿಸುತ್ತ ವರ್ಷಗಳನ್ನು ಕಳೆಯುತ್ತಾರೆ. ಊರಿನಿಂದ ತಾಯಿ ಫೋನು ಮಾಡಿ, 'ಯಾವಾಗ ಆಗ್ತದೋ ತಮ್ಮಾ?' ಎನ್ನುತ್ತಾಳೆ, 'ಇನ್ನಾ ನೋಟಿಫಿಕೇಶನ್ ಆಗಿಲ್ಲಬೇ ಯವ್ವಾ' ಎಂಬುದು ಉತ್ತರ. ನೋಟಿಫಿಕೇಶನ್ ಆಗುವ ಹೊತ್ತಿಗೆ ಒಬ್ಬನಿಗೆ ವಯೋಮಿತಿ ಮೀರಿರುತ್ತದೆ, ಒಬ್ಬಳಿಗೆ ಮದುವೆ ಗೊತ್ತಾಗಿರುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರ ಏಪ್ರಿಲಿನಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದುದು 2024ರ ಜನವರಿಯಲ್ಲಿ. ನಿಯತ್ತಿನಿಂದ ಓದಿ ಆಯ್ಕೆಯಾದವರು ಕೂಡ ಆ ರದ್ದತಿಯಲ್ಲಿ ಹುದ್ದೆ ಕಳೆದುಕೊಂಡರು. ಈ ಹುಡುಗರನ್ನು ಸೋಮಾರಿಗಳೆಂದೂ, ಕುರ್ಚಿಯ ಆಸೆಬುರುಕರೆಂದೂ ಹೀಗಳೆಯುವ ಪಟ್ಟಣಿಗರು, ಅವರ ಊರಿನಲ್ಲಿ ಮಳೆ ಎಷ್ಟು, ಕಾರ್ಖಾನೆ ಎಷ್ಟು ಎಂದು ಒಮ್ಮೆ ವಿಚಾರಿಸಲಿ.

ಹೆಬ್ಬಾಗಿಲು ದಾಟಿ ಒಳಗೆ ಹೋದವರಿಗಾದರೂ ಹಿಂದಿನ ಭದ್ರತೆ ಇದೆಯೆ? 2006ರ ಏಪ್ರಿಲಿನಿಂದೀಚೆಗೆ ರಾಜ್ಯದ ನೌಕರಿಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಎನ್‌ಪಿಎಸ್ ಬಂದಿತು. ನಿವೃತ್ತಿಯ ಕಾಲದ ಹಣ ಪೇಟೆಯ ಏರಿಳಿತದೊಡನೆ ತೂಗುವಂತಾಯಿತು. ಅಷ್ಟೇ ಅಲ್ಲದೆ, ಸರ್ಕಾರದ ಮನೆಯೊಳಗೇ ದಿನಗೂಲಿ, ಗುತ್ತಿಗೆ, ಹೊರಗುತ್ತಿಗೆ, ಅತಿಥಿ ಉಪನ್ಯಾಸಕ ಎಂಬ ಬೇರೆ ಬೇರೆ ಹೆಸರುಗಳ ಹಿತ್ತಿಲ ಬಾಗಿಲುಗಳು ಹುಟ್ಟಿಕೊಂಡುವು. ಈ ವಿಷಯದಲ್ಲಿ ದೇಶದ ಕಾನೂನನ್ನು ರೂಪಿಸಿದ ಎರಡು ಮೊಕದ್ದಮೆಗಳೂ ನಮ್ಮ ನಾಡಿನವೇ ಎಂಬುದು ಹೆಮ್ಮೆಪಡಬೇಕಾದ ಸಂಗತಿಯೋ ಅಲ್ಲವೋ ಹೇಳಲಾರೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿಗಳ ಸಂಘ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ, ವರ್ಷಗಟ್ಟಲೆ ದುಡಿದವರನ್ನು ಹಂತಹಂತವಾಗಿ ಕಾಯಂ ಮಾಡುವ ಏರ್ಪಾಡಿಗೆ ದಾರಿ ತೆರೆಯಿತು. ಉಮಾದೇವಿ ಪ್ರಕರಣವೆಂದು ಪ್ರಸಿದ್ಧವಾದ ಇನ್ನೊಂದರಲ್ಲಿ, 2006ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠವು, ನೇಮಕಾತಿಯ ನಿಯಮಕ್ಕೆ ಹೊರತಾಗಿ ಒಳಬಂದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದಿತು; ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದಿದ್ದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ. ಹೊರಗೆ ಕಾದು ನಿಂತ ಸಾವಿರಾರು ಅರ್ಹರಿಗೆ ಅನ್ಯಾಯವಾಗಬಾರದೆಂಬ ತೀರ್ಪಿನ ತರ್ಕ ಸರಿಯಾದುದೇ. ಆದರೆ ಅದರ ಫಲವಾಗಿ ಇಲಾಖೆಗಳು ಕ್ರಮವಾದ ನೇಮಕಾತಿಗೆ ತೊಡಗಲಿಲ್ಲ. ಹಿತ್ತಿಲ ಬಾಗಿಲಿನ ಕೀಲಿಯನ್ನು ಗುತ್ತಿಗೆದಾರನ ಕೈಗೆ ಕೊಟ್ಟುವು.

2020ರ ಬೇಸಗೆಯಲ್ಲಿ ಕೋವಿಡ್ ಬಂದು ಊರಿಗೂರೇ ಬೀಗ ಹಾಕಿಕೊಂಡಾಗ, ಕೆಲಸದ ಭದ್ರತೆಯೆಂಬುದರ ನಿಜರೂಪ ಕೆಲವು ತಿಂಗಳು ಬಯಲಾಗಿ ನಿಂತಿತು. ಬೆಂಗಳೂರಿನ ಮೇಲ್ಸೇತುವೆಗಳ ಕೆಲಸ ಬಿಟ್ಟು ಯಾದಗಿರಿ ರಾಯಚೂರುಗಳಿಗೆ ಗಂಟುಮೂಟೆಯೊಡನೆ ಹಿಂದಿರುಗಿದವರನ್ನು ಎತ್ತಿಹಿಡಿದುದು ಉದ್ಯೋಗ ಖಾತ್ರಿ. 1972ರ ಬರಗಾಲದಲ್ಲಿ ಮಹಾರಾಷ್ಟ್ರ ಆರಂಭಿಸಿದ್ದ ಏರ್ಪಾಡನ್ನು ಮಾದರಿಯಾಗಿಟ್ಟುಕೊಂಡು 2005ರಲ್ಲಿ ಸಂಸತ್ತು ಮಾಡಿದ ಆ ಕಾಯಿದೆ, ಹಳ್ಳಿಯ ಕುಟುಂಬವೊಂದಕ್ಕೆ ವರ್ಷದಲ್ಲಿ ನೂರು ದಿನದ ಕೆಲಸವನ್ನು ಹಕ್ಕಾಗಿ ಕೊಟ್ಟಿತ್ತು. ಕೋವಿಡ್ಡಿನ ಆ ವರ್ಷ ಕೇಂದ್ರ ಸರ್ಕಾರ ಅದಕ್ಕೆ ನಲವತ್ತು ಸಾವಿರ ಕೋಟಿ ರೂಪಾಯಿ ಹೆಚ್ಚಿಗೆ ಸೇರಿಸಿತು. ದಿನಕ್ಕೆ 275 ರೂಪಾಯಿ ಕೂಲಿಗೆ ಬದು ಹಾಕುವ, ಕೆರೆಯ ಹೂಳೆತ್ತುವ ಸಾಲಿನಲ್ಲಿ ಸಂಬಳ ನಿಂತುಹೋದ ಖಾಸಗಿ ಶಾಲೆಯ ಶಿಕ್ಷಕರೂ ಪದವೀಧರರೂ ಬಂದು ಬುಟ್ಟಿ ಹಿಡಿದರು. ಹದಿನೈದು ವರ್ಷಗಳಿಂದ 'ಗುಂಡಿ ತೋಡಿ ಗುಂಡಿ ಮುಚ್ಚುವ ಕೆಲಸ' ಎಂದು ಆ ಯೋಜನೆಯನ್ನು ಹಾಸ್ಯಮಾಡುತ್ತಿದ್ದವರು ಆ ಬೇಸಗೆಯಲ್ಲಿ ಸ್ವಲ್ಪ ಸುಮ್ಮನಿದ್ದುದು ನನಗೆ ನೆನಪಿದೆ.

ಅದೇ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಒಂದು ದಿನವೂ ನಿಲ್ಲದ ಕೆಲಸವೆಂದರೆ ಕಸ ಗುಡಿಸುವುದು. ಅದನ್ನು ಮಾಡುತ್ತಿದ್ದವರಲ್ಲಿ ಬಹುಪಾಲು ದಲಿತ ಹೆಂಗಸರು, ಬೆಳಗಿನ ಹಾಜರಿಗೆ ಹೆಬ್ಬೆಟ್ಟೊತ್ತಿ ಪೊರಕೆ ಹಿಡಿಯುವವರು. ನಗರಕ್ಕೆ ಅತ್ಯಂತ ಅವಶ್ಯವಾದ ಈ ಕೆಲಸ, ಅದನ್ನು ಮಾಡುವವರಿಗೆ ಮಾತ್ರ ದಶಕಗಳ ಕಾಲ ಅತ್ಯಂತ ಅಭದ್ರವಾದುದಾಗಿದ್ದಿತು: ಮೊದಲು ಗುತ್ತಿಗೆದಾರನ ಪಟ್ಟಿಯಲ್ಲಿ, ಆಮೇಲೆ ಪಾಲಿಕೆಯಿಂದ ನೇರವಾಗಿ ವೇತನ ಬರುವ, ಆದರೆ ಕಾಯಂ ಅಲ್ಲದ ಪಟ್ಟಿಯಲ್ಲಿ. ಸಂಘ ಕಟ್ಟಿಕೊಂಡು, ಧರಣಿ ಕುಳಿತು, ಮುಷ್ಕರ ಹೂಡಿ, 2022ರ ಜುಲೈಯಲ್ಲಿ ನಗರವು ಕೆಲವು ದಿನ ತನ್ನ ಕಸವನ್ನು ತಾನೇ ನೋಡುವಂತೆ ಮಾಡಿದ ಮೇಲೆ, ಸರ್ಕಾರ ಅವರ ಮಾತಿಗೆ ಕಿವಿಗೊಟ್ಟಿತು. 2025ರ ಮೇ 1ರ ಕಾರ್ಮಿಕ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಪತ್ರ ದೊರೆಯಿತು. ಪತ್ರ ಪಡೆದವರಲ್ಲಿ ಅನೇಕರ ನಿವೃತ್ತಿಗೆ ಉಳಿದಿರುವುದು ಕೆಲವೇ ವರ್ಷ. ಅವರು ಗುಡಿಸಿ ಕೂಡಿಟ್ಟ ಕಸವನ್ನು ಹೊತ್ತೊಯ್ಯುವ ಆಟೋಗಳ ಚಾಲಕರೂ ಸಹಾಯಕರೂ ತಮ್ಮನ್ನೂ ಕಾಯಂ ಮಾಡಬೇಕೆಂದು ಇನ್ನೂ ಕೇಳುತ್ತಲೇ ಇದ್ದಾರೆ.